ನನ್ನದೇ ಒಂದು ಮೀಟಿಂಗ್

ಜನ ಬೇರೆಯವರ ಫ್ಲ್ಯಾಟು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ, ಕಾರು ನೋಡಿ ಉರಿದುಕೊಳ್ಳುತ್ತಾರೆ. ನಾನು ಅಕ್ಕನ ಗಂಡನ ಕೇಕು ನೋಡಿ ಉರಿದುಕೊಂಡವನು. ಅದೂ ಎಂಥ ಕೇಕು? ಮೊಟ್ಟೆ ಹಾಕದ ಪೈನಾಪಲ್ ಕೇಕು, ಮೇಲಿನ ಚೆರ್ರಿ ಹಣ್ಣು ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡು ಹೋಗಿತ್ತು.

ಮುಂಬೈಯ ಸಾಯನ್ ಕಡೆಯ ಒಂದು ಶಾಲೆಯ ಕೋಣೆಯಲ್ಲಿ ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುತ್ತಾರೆ. ಬಿಟ್ಟ ದಿನವನ್ನೇ ಅಲ್ಲಿ ಬರ್ತಡೇ ಅನ್ನುವುದು. ಅಕ್ಕನ ಗಂಡ, ಅಂದರೆ ನಾನು ಮಾಮಾ ಅಂತ ಕರೆಯುವವರು, ಬಿಟ್ಟು ಒಂದು ವರ್ಷವಾಗಿತ್ತು. ಅಕ್ಕ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮಾಮಾ ಕೇಕು ಕತ್ತರಿಸಿದರು, ಇಡೀ ಕೋಣೆ ಚಪ್ಪಾಳೆ ತಟ್ಟಿತು, ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ನಿಜವಾದ ಹುಟ್ಟುಹಬ್ಬಕ್ಕೆ ಇದೇ ಅಕ್ಕ ಒಂದು ರವೆ ಉಂಡೆ ಕೊಟ್ಟು, ಡಬ್ಬಿ ವಾಪಸ್ ತಾ ಅಂದಿದ್ದಳು.

ನಾನು ಬಿಟ್ಟು ಆಗಿನ್ನೂ ಕೆಲವೇ ವಾರ. ಅದಕ್ಕೆ ಮೊದಲೂ ಬಿಟ್ಟಿದ್ದುಂಟು. ಒಬ್ಬನೇ ಬಿಟ್ಟಾಗಲೆಲ್ಲ ಒಬ್ಬನೇ ಮತ್ತೆ ಹಿಡಿದೂ ಇದ್ದೆ. ಅಕ್ಕನಿಗೆ ಇದು ಗೊತ್ತು. ಆಂಟಾಪ್ ಹಿಲ್‌ನ ಅವಳ ಮನೆಯಲ್ಲಿ, ಅಡುಗೆ ಕಟ್ಟೆಯ ಮೇಲಿನ ಅಟ್ಟದಲ್ಲಿ, ಗೋಧಿ ಹಿಟ್ಟಿನ ಡಬ್ಬಿಗಳ ಪಕ್ಕ ನಾನು ಮಲಗುವುದು. ಹಾಗಾಗಿ ಅವಳ ಕರಾರು ಸರಳವಾಗಿತ್ತು.

"ನೋಡ್ ತಮ್ಮಾ, ದೀಪಾವಳಿ ತನಕ ಟೈಮ್ ಕೊಟ್ಟೀನಿ. ನಿನ್ನ ಮಾಮಾನ ಗತೆ ಒಂದ್ ಮೀಟಿಂಗ್ ಹಿಡಿ, ವಾರಾ ತಪ್ಪಿಸಬ್ಯಾಡ. ಇಲ್ಲಂದ್ರ ಅಟ್ಟಾ ಖಾಲಿ ಮಾಡು, ನಾ ಚಾದರ ತುಂಬಿಡ್ತೀನಿ."

"ಚಾದರಕ್ಕಿಂತ ನಾ ಕಡಿಮಿ ಏನಕ್ಕಾ?"

"ಚಾದರ ಕುಡದು ಬರೂದಿಲ್ಲ."

ಮಾಮಾನ ಮೀಟಿಂಗನ್ನೇ ಹಿಡಿದಿದ್ದರೆ ಕೆಲಸ ಮುಗಿಯುತ್ತಿತ್ತು. ಅದಕ್ಕೇ ಅಂದು ಹೋಗಿದ್ದೆ. ಆದರೆ ಕೇಕು ಹಂಚುವ ಮೊದಲು ಮಾಮಾ ಮಾತಾಡಲು ಎದ್ದರು. ಮಾಮಾ ಲಿಫ್ಟ್ ರಿಪೇರಿ ಮಾಡುವವರು. ದಿನವೆಲ್ಲ ಮೇಲೆ ಕೆಳಗೆ ಓಡಾಡಿ ಅವರ ಹಿಂದಿಯೂ ನುಣ್ಣಗಾಗಿದೆ. "ಮೇರಾ ಏಕ್ ಸಾಲಾ ಹೈ", ನನಗೊಬ್ಬ ಭಾಮೈದ ಇದ್ದಾನೆ, ಅಂತ ಶುರು ಮಾಡಿದ್ದೇ ತಡ, ಕೋಣೆಯಲ್ಲಿದ್ದವರು ಮುಂದಕ್ಕೆ ಬಾಗಿ ಕೂತರು. ಅಂದರೆ ಈ ಕಥೆ ಅವರಿಗೆ ಹೊಸದಲ್ಲ. ಮತ್ತೊಮ್ಮೆ ಕೇಳಲು ಕಾದು ಕೂತಿದ್ದಾರೆ.

ಕಥೆ ನನ್ನದು, ಆಮೇಲೆ ಕಾಲೋನಿಯೆಲ್ಲ ಹರಡಿದ್ದು. ನಮ್ಮ ಕಾಲೋನಿಯ ಬಿಲ್ಡಿಂಗುಗಳು ಒಂದೇ ತಟ್ಟೆಯಲ್ಲಿ ಬೇಯಿಸಿ ತೆಗೆದ ಇಡ್ಲಿಗಳಂತಿವೆ. ಒಂದು ಸಲ ನಾನು ಚೆನ್ನಾಗಿ ಏರಿಸಿಕೊಂಡು ಬಂದು, ಪಕ್ಕದ ಬಿಲ್ಡಿಂಗಿನ ಅದೇ ಮಹಡಿ ಹತ್ತಿ, ಅದೇ ಮೂಲೆಯ ಮನೆಯ ತೆರೆದ ಬಾಗಿಲು ದಾಟಿ, ಅವರ ಅಟ್ಟ ಏರಿ ಮಲಗಿಬಿಟ್ಟಿದ್ದೆ. ಅಲ್ಲೂ ಅಟ್ಟ, ಅಲ್ಲೂ ಹಿಟ್ಟಿನ ಡಬ್ಬಿ. ನನ್ನ ತಪ್ಪೇನು? ಮನೆಯ ಗಂಡಸು ನನ್ನ ಕಾಲು ನೋಡಿ, ಹೆಂಡತಿ ಕಡೆಯವನು ಯಾರೋ ಬಂದಿದ್ದಾನೆ ಅಂದುಕೊಂಡ. ಹೆಂಡತಿ, ಗಂಡನ ಕಡೆಯವನು ಅಂದುಕೊಂಡಳು. ಮುಂಬೈಯ ಮನೆಗಳಲ್ಲಿ ಅಟ್ಟದ ಮೇಲೆ ಯಾವಾಗಲೂ ಯಾರದೋ ಕಡೆಯವನೊಬ್ಬ ಇದ್ದೇ ಇರುತ್ತಾನೆ. ಬೆಳಿಗ್ಗೆ ಇಳಿದು ಬಂದು ಚಹಾ ಕುಡಿದು, ಅವಲಕ್ಕಿ ತಿಂದು, ಎರಡನೇ ಸಲ ಹಾಕಿಸಿಕೊಳ್ಳುವಾಗ ನನಗೆ ಅಕ್ಕನ ಮುಖ ಬದಲಾಗಿರುವುದು ತಿಳಿದದ್ದು.

ಮಾಮಾ ಇದಕ್ಕೆ ಇನ್ನೂ ಒಂದು ಸೇರಿಸಿದರು. ನಾನು ಆ ಹೆಂಗಸಿಗೆ "ಚಹಾಕ್ಕ ಸಕ್ಕರಿ ಕಡಿಮಿ ಆಗೇದ ನೋಡು" ಅಂತ ಬೈದೆನಂತೆ. ಕೋಣೆ ಬಿದ್ದು ಬಿದ್ದು ನಕ್ಕಿತು. ಮೂಲೆಯಲ್ಲಿದ್ದ ಒಬ್ಬ ರಿಕ್ಷಾ ಡ್ರೈವರ್ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮಲಗಿದ. ನಾನು ಸಕ್ಕರೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ. ಸಕ್ಕರೆಯ ಮಾತು ಎಷ್ಟು ಚೆಂದ ಇತ್ತು, ಅದು ನನಗೆ ಯಾಕೆ ಹೊಳೆಯಲಿಲ್ಲ ಅಂತ. ನಗಿಸುವುದೊಂದೇ ನನಗೆ ಬರುವ ವಿದ್ಯೆ. ಕುಡಿದವನು ನಾನು, ತಲೆ ನೋಯಿಸಿಕೊಂಡವನು ನಾನು, ಚಪ್ಪಾಳೆ ಮಾತ್ರ ಮಾಮಾನದು.

ಆಮೇಲೆ ನನ್ನ ಸರದಿ ಬಂತು. ಎದ್ದು ನಿಂತೆ. ಎಲ್ಲರೂ ನನ್ನನ್ನು ನೋಡಿ ಮೊದಲೇ ನಗಲು ಶುರು ಮಾಡಿದರು. ಒಬ್ಬ ಅಜ್ಜ "ಶಕ್ಕರ್, ಶಕ್ಕರ್" ಅಂದ. ನಾನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಕೂತುಬಿಟ್ಟೆ. ಕೇಕು ತಿನ್ನಲಿಲ್ಲ. ಅಂದರೆ, ಅವರ ಎದುರಿಗೆ ತಿನ್ನಲಿಲ್ಲ.

ಅಂದೇ ತೀರ್ಮಾನ ಮಾಡಿದೆ, ಮಾಮಾ ಕಾಲಿಡದ ಮೀಟಿಂಗ್ ಹುಡುಕಬೇಕು.

ನಾನು ದಾದರಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗಳಿಗೆ ಸೀರೆಯನ್ನು ನನ್ನ ಮೈಮೇಲೆ ಹೊದ್ದು, ನೆರಿಗೆ ಹಿಡಿದು, ಸೊಂಟಕ್ಕೆ ಕೈಯಿಟ್ಟು ತೋರಿಸುತ್ತೇನೆ. ಅಂಗಡಿಯ ಹತ್ತಿರವೇ ಮರಾಠಿಯ ಮೀಟಿಂಗ್ ಒಂದಿತ್ತು. ಕೆಲಸ ಬಿಟ್ಟು ಹಾಗೇ ನಡೆದು ಹೋದರಾಯಿತು. ಹೋದೆ. ಅಲ್ಲಿ ರಿಟೈರ್ ಆದ ಒಬ್ಬ ಮೇಷ್ಟ್ರಿದ್ದರು. ಆ ಮನುಷ್ಯ ತಾನು ಹಾಳಾದದ್ದನ್ನು ಹೇಳಿದ ರೀತಿ ಏನು ಹೇಳಲಿ! ದನಿ ಏರಿಸಲಿಲ್ಲ, ಇಳಿಸಲಿಲ್ಲ. ಕೈಯಲ್ಲಿನ ಚಹಾ ಕುಡಿಯುವುದನ್ನು ಎಲ್ಲರೂ ಮರೆತರು, ಕೆನೆ ಕಟ್ಟಿತು. ಇಂಥ ಮಾತು ಬರುವುದಾದರೆ ಇನ್ನೊಂದು ಸಲ ಹಾಳಾಗಬಹುದು ಅನ್ನಿಸಿತು.

ಅವರ ನಂತರ ನಾನು. ನನ್ನ ಮರಾಠಿಯನ್ನು ನಾನು ಕಲಿತದ್ದು ಅಂಗಡಿಯ ಗಾದಿಯ ಮೇಲೆ. ಬಾಯಿ ತೆರೆದಾಗಲೇ ಗೊತ್ತಾದದ್ದು, ಅದರಲ್ಲಿ ಇರುವುದೆಲ್ಲ ಸೀರೆಯ ಮಾತೇ ಅಂತ. ದುಃಖಕ್ಕೆ ಪದ ಸಿಗದೆ 'ಬಣ್ಣ ಹೋಯಿತು' ಅಂದೆ. ಕುಡಿತ ಬಿಟ್ಟಿದ್ದೇನೆ ಅನ್ನಲು ಹೋಗಿ 'ಈ ಸಲ ಪಕ್ಕಾ ಗ್ಯಾರಂಟಿ, ಒಗೆದರೂ ಏನೂ ಆಗುವುದಿಲ್ಲ' ಅಂದೆ. ಅಕ್ಕನ ಮನೆಯ ಕಷ್ಟ ಹೇಳುವಾಗ ಅಭ್ಯಾಸದಿಂದ ಕೈ ತಾನಾಗಿಯೇ ಸೆರಗು ಹರಡಿತು. ಮುಗಿದ ಮೇಲೆ ವಯಸ್ಸಾದ ಆಜಿಯೊಬ್ಬರು ಹತ್ತಿರ ಬಂದು ನನ್ನ ಕೈ ಹಿಡಿದರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ. ಪೈಠಣಿ ಸೀರೆಗೆ ನಿಮ್ಮಲ್ಲಿ ರಿಯಾಯಿತಿ ಇದೆಯೇ ಅಂತ ಕೇಳಿದರು.

ಆಮೇಲೆ ಬಾಂದ್ರಾ. ಚರ್ಚಿನ ಹಿಂದಿನ ಹಾಲಿನಲ್ಲಿ ಇಂಗ್ಲಿಷ್ ಮೀಟಿಂಗ್. ಏಸಿ ಇತ್ತು, ಎರಡು ಬಗೆಯ ಬಿಸ್ಕೀಟು ಇತ್ತು. ಅಂಥ ಕುಡುಕರನ್ನು ನಾನು ನೋಡಿರಲೇ ಇಲ್ಲ. ಅವರು ಬಿದ್ದದ್ದು ಸ್ವಿಮ್ಮಿಂಗ್ ಪೂಲಿಗೆ, ನಾನು ಬಿದ್ದದ್ದು ವಡಾಳಾ ಸ್ಟೇಷನ್ನಿನ ಹೊರಗಿನ ಮೋರಿಗೆ. ಅವರು ವಾಂತಿ ಮಾಡಿಕೊಳ್ಳುವುದಕ್ಕೂ ಗೋವಾಕ್ಕೆ ಹೋಗಿದ್ದರು. ನನ್ನ ವಯಸ್ಸಿನ ಒಬ್ಬ ಹುಡುಗಿ ಮಾತಾಡುತ್ತ ಅತ್ತಳು. ಒಂದೇ ಒಂದು ಹನಿ, ಕೆನ್ನೆಯ ಮೇಲೆ ನೇರವಾಗಿ ಇಳಿದು ನಿಂತಿತು. ನಾನು ಅತ್ತರೆ ಮೊದಲು ಮೂಗು ಶುರುವಾಗುತ್ತದೆ, ಕಣ್ಣು ಆಮೇಲೆ ನೋಡೋಣ ಅನ್ನುತ್ತದೆ. ನನ್ನ ಸರದಿಯಲ್ಲಿ ನಾನು ಎದ್ದು "ಸೇಮ್ ಟು ಸೇಮ್" ಅಂದೆ. ಅಷ್ಟಕ್ಕೇ ಚಪ್ಪಾಳೆ ತಟ್ಟಿದರು. ಪಾಪ, ತುಂಬಾ ಒಳ್ಳೆಯ ಜನ. ಆ ಒಳ್ಳೆಯತನ ನೋಡಿಯೂ ಹೊಟ್ಟೆ ಉರಿಯಿತು.

ವಾಪಸ್ ಬರುವಾಗ ಲೋಕಲ್‌ನಲ್ಲಿ ಜಾಗ ಸಿಗಲಿಲ್ಲ. ಇಳಿದ ಮೇಲೆ ಮನೆಯ ದಾರಿಯಲ್ಲಿ ಹಳೆಯ ಬಾರ್. ಸಂಜೆ ದೀಪ ಹಚ್ಚಿದ್ದರು. ಬಾಗಿಲಲ್ಲಿ ಕೂರುವ ವಾಚ್‌ಮನ್‌ಗೆ ನನ್ನ ಗುರುತಿದೆ. "ಕಿದರ್ ಥಾ ಭಾಯ್ ಇತನೇ ದಿನ?" ಅಂತ ಕೇಳಿದ. ನಾನು ಇಷ್ಟು ದಿನ ಬಾರಿಗೆ ಬಾರದೆ ಇದ್ದದ್ದನ್ನು ಗಮನಿಸಿದವನು ಅವನೊಬ್ಬನೇ. ಹಿಂದಿಯಲ್ಲಿ ನಾನು ಮಾಮಾನ ಜೋಕು, ಮರಾಠಿಯಲ್ಲಿ ಸೀರೆ, ಇಂಗ್ಲಿಷಿನಲ್ಲಿ ಮೂರು ಶಬ್ದ. ಒಳಗೆ ಹೋದರೆ ಮಾತಾಡುವ ಕಷ್ಟವೇ ಇಲ್ಲ, ಬೆರಳು ಎತ್ತಿದರೆ ಸಾಕು. ಬಹಳ ಹೊತ್ತು ನಿಂತೆ. ಬಾರಿನೊಳಗಿಂದ ಒಬ್ಬ ಹೊರಗೆ ಬಂದು, ನನ್ನನ್ನು ಕ್ಯೂದಲ್ಲಿ ನಿಂತವನು ಅಂದುಕೊಂಡು "ಜಾ ಜಾ, ಟೇಬಲ್ ಖಾಲಿ ಹೈ" ಅಂದ. ನಾನು ಓಡಿದೆ. ಧೈರ್ಯದಿಂದ ಅಲ್ಲ, ಅವನು ಎಷ್ಟು ಪ್ರೀತಿಯಿಂದ ಕರೆದ ಅನ್ನುವ ಹೆದರಿಕೆಯಿಂದ.

ದೀಪಾವಳಿ ಹತ್ತಿರ ಬಂತು. ಅಕ್ಕ ಅಟ್ಟದ ಅಳತೆಗೆ ಒಂದು ಟ್ರಂಕು ನೋಡಿ ಬಂದಳು.

ಅಂಥ ಒಂದು ದಿನ ಅಂಗಡಿಗೆ ನಮ್ಮ ಕಡೆಯ ಹೆಂಗಸೊಬ್ಬರು ಬಂದರು, ಸೊಸೆಯ ಸೀಮಂತಕ್ಕೆ ಹಸಿರು ಸೀರೆ ಬೇಕಂತ. ನಾನು ಸೀರೆ ಹೊದ್ದು, ಬಸುರಿಯಂತೆ ಸೊಂಟಕ್ಕೆ ಕೈಯಿಟ್ಟು, ಏದುಸಿರು ಬಿಟ್ಟು ನಡೆದೆ. ಅಂಗಡಿ ನಕ್ಕಿತು. ಅವರು ಮಾತ್ರ ನನ್ನನ್ನೇ ನೋಡುತ್ತಿದ್ದರು.

"ನಮ್ಮ ಮನ್ಯಾವರೂ ಹಿಂಗ ನಗಸ್ತಿದ್ರಪ್ಪಾ" ಅಂದರು, "ಕುಡೀತಿದ್ದಾಗ."

"ಈಗ ನಗಸೂದಿಲ್ರ್ಯಾ?"

"ಈಗ ಐತವಾರಕ್ಕೊಮ್ಮಿ ಧಾರಾವಿಗೆ ಹೋಗಿ ಕುಂತ್ ಬರ್ತಾರ. ಎಲ್ಲಾ ನಮ್ಮ ಮಂದೀನ. ನಗಸೂದು ಕಡಿಮಿ ಆಗೇದ, ಮಲಗೂದು ಛೊಲೋ ಆಗೇದ." ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ದನಿ ಇಳಿಸಿ ವಿಳಾಸ ಹೇಳಿದರು. ನನ್ನ ಬಾಯಿ ವಾಸನೆ ಹೊಡೆಯುತ್ತಿರಲಿಲ್ಲ. ಅವರಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ.

ಚರ್ಮದ ಚೀಲ ಹೊಲಿಯುವ ಒಂದು ಕಾರಖಾನೆಯ ಮೇಲಿನ ಕೋಣೆ. ಭಾನುವಾರ ಹೊಲಿಗೆ ಮೆಷಿನ್‌ಗಳಿಗೆ ಬಟ್ಟೆ ಮುಚ್ಚಿರುತ್ತಾರೆ. ಕಬ್ಬಿಣದ ಏಣಿ ಹತ್ತಿ ತಲೆ ತೂರಿಸಿದರೆ ಅಂಟಿನ ವಾಸನೆ, ಚಾಪೆ, ಚಾಪೆಯ ಮೇಲೆ ಗೋಡೆಗೆ ಒರಗಿ ಕೂತ ಕೆಲವರು. ಒಬ್ಬರು ಗೌಂಡಿ ಕೆಲಸದವರು, ಉಗುರಿನಲ್ಲಿ ಇನ್ನೂ ಸಿಮೆಂಟು. ಒಬ್ಬರು ಬ್ಯಾಂಕಿನವರು, ಚಪ್ಪಲಿಯನ್ನು ಜೋಡಿಸಿ ಇಟ್ಟಿದ್ದರು. ಸೀರೆಗೆ ಬಂದಿದ್ದ ಹೆಂಗಸಿನ ಯಜಮಾನರೂ ಇದ್ದಿರಬೇಕು, ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲರಿಗಿಂತ ಹಿರಿಯ ಅಜ್ಜ ಒಬ್ಬರು ಟವೆಲ್ ಹಾಸಿಕೊಂಡು ಕೂತಿದ್ದರು.

"ಇವತ್ತ ಹ್ಞೂಂ ಅನ್ನಾವ್ರು ಯಾರು?" ಅಂತ ಕೇಳಿದರು ಅಜ್ಜ.

ಗೌಂಡಿಯವರು ಕೈ ಎತ್ತಿದರು. ನನಗೆ ಅರ್ಥವಾಗಲಿಲ್ಲ. ಅಜ್ಜ ನನ್ನ ಕಡೆ ತಿರುಗಿದರು.

"ಹೊಸಬಾ ಏನೋ? ಇಲ್ಲಿ ಹಿಂಗ ನೋಡಪಾ. ಒಬ್ಬಾಂವ ಮಾತಾಡ್ತಾನ, ಒಬ್ಬಾಂವ ಹ್ಞೂಂ ಅಂತಾನ. ಉಳದವರು ಸುಮ್ಮ ಕುಂಡರ್ತಾರ. ಸಣ್ಣಾಂವ ಇದ್ದಾಗ ಆಯಿ ಮಗ್ಗಲಾಗ ಹಾಕ್ಕೊಂಡು ಕಥಿ ಹೇಳ್ತಿದ್ಲಲ್ಲ? ನೀ ಹ್ಞೂಂ ಅನ್ನಲಿಲ್ಲಂದ್ರ ನಿಂದರಸ್ತಿದ್ಲೋ ಇಲ್ಲೋ?"

"ನಿಂದರಸ್ತಿದ್ಲರಿ."

"ಹಾಂ. ಹಂಗ."

ಚಪ್ಪಾಳೆ ಇಲ್ಲ, ಕೇಕು ಇಲ್ಲ. ಬಿಸ್ಕೀಟಂತೂ ಇಲ್ಲವೇ ಇಲ್ಲ. ಆದರೆ ಒಂದು ವಿಷಯ ಹೊಳೆದು ನನ್ನ ಮೈ ಜುಮ್ಮೆಂದಿತು. ಇಲ್ಲಿ ಯಾರಿಗೂ ಅಟ್ಟದ ಕಥೆ ಗೊತ್ತಿಲ್ಲ! ಅದು ಮತ್ತೆ ನನ್ನದು. ನನ್ನ ಸರದಿ ಬಂದಾಗ ಮಾಮಾನ ಹಾಗೆಯೇ ಕೈ ಬೀಸಿ ಶುರು ಮಾಡಿದೆ. ಇಡ್ಲಿಯ ತಟ್ಟೆ ಹೇಳಿದೆ. ಹ್ಞೂಂ. ಏಣಿ ಏರಿದ್ದು ಹೇಳಿದೆ. ಹ್ಞೂಂ. ಗಂಡನ ಕಡೆಯವನು, ಹೆಂಡತಿಯ ಕಡೆಯವನು. ಹ್ಞೂಂ. ಮಾಮಾನಿಂದ ಕದ್ದು ಸಕ್ಕರೆಯನ್ನೂ ಹಾಕಿದೆ. ನಗು ಬರುವ ಜಾಗದಲ್ಲಿ ನಿಲ್ಲಿಸಿ, ಕಾದೆ.

"ಹ್ಞೂಂ" ಅಂದರು ಗೌಂಡಿಯವರು.

"ಅಷ್ಟ ರೀ. ಮುಗೀತು."

"ಹ್ಞೂಂ."

ಬ್ಯಾಂಕಿನವರ ತುಟಿ ಅಲುಗಿದ್ದನ್ನು ನಾನು ಕಂಡೆ, ಆದರೆ ನಗಲಿಲ್ಲ. ಅಜ್ಜ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಾನು ಇನ್ನೊಂದು ಸಲ ಮುಗಿಯಿತು ಅಂದೆ. ಇನ್ನೊಂದು ಹ್ಞೂಂ ಬಂತು. ಅದು ಬೈಗುಳವಲ್ಲ, ಒತ್ತಾಯವೂ ಅಲ್ಲ. ಆಯಿಗೆ ನಾವು ಹೇಳುತ್ತಿದ್ದೆವಲ್ಲ, ಆಮೇಲೆ ಏನಾಯಿತು ಅನ್ನುವ ಹ್ಞೂಂ, ಅದೇ. ಮುಂದಿನದು ಇದೆ ಅಂತ ನಂಬಿ ಕೂತವನ ಹ್ಞೂಂ.

ಆಮೇಲೆ ಏನಾಯಿತು ಅಂದರೆ, ಆ ಮನೆಯವರು ಕೈಮುಗಿದು ನನ್ನನ್ನು ಕಳಿಸಿದರು. ನಾನು ಅಲ್ಲಿ ಇಲ್ಲಿ ಸುತ್ತಾಡಿ ನಮ್ಮ ಬಿಲ್ಡಿಂಗಿಗೆ ಬಂದೆ. ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಲು ಸುಳ್ಳು ಜೋಡಿಸಿಕೊಂಡಿದ್ದೆ, ಅವಳು ಅಳುತ್ತಾಳೆ, ಎಲ್ಲಿ ಸತ್ತಿದ್ದಿ ಅಂತ ಕೂಗುತ್ತಾಳೆ ಅಂತ. ಅಕ್ಕ ಬದನೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಮಾಮಾ ಆಗ ಬಿಟ್ಟ ಹೊಸತು. ಅವರ ಎದುರು ಶುಂಠಿ ಚಹಾ ಇತ್ತು. "ಇನ್ನೊಂದ್ ಕಪ್ ಹಾಕ್ಲೇನ್ರಿ?" ಅಂತ ಅಕ್ಕ ಅವರನ್ನು ಕೇಳಿದಳು. ನಾನು ಏಣಿ ಹತ್ತಿ ಅಟ್ಟಕ್ಕೆ ಹೋದೆ. ನನ್ನ ಹಾಸಿಗೆ ಮಡಿಸಿದ್ದು ಮಡಿಸಿದಂತೆಯೇ ಇತ್ತು. ನಾನು ಬಂದಿಲ್ಲ ಅನ್ನುವುದು ಯಾರಿಗೂ ಗೊತ್ತೇ ಆಗಿರಲಿಲ್ಲ. ಪಕ್ಕದ ಬಿಲ್ಡಿಂಗಿನಲ್ಲಿ ಗುರುತಿಲ್ಲದವರು ನನ್ನನ್ನು ಮನೆಯವನು ಅಂದುಕೊಂಡರು. ಇಲ್ಲಿ ಮನೆಯವರು ನನ್ನ ಲೆಕ್ಕವನ್ನೇ ಬಿಟ್ಟಿದ್ದರು. ಅಲ್ಲಿಂದ ಕೆಳಗೆ ನೋಡಿದರೆ ಮಾಮಾನ ಬೋಳು ನೆತ್ತಿ, ಕಪ್ಪಿನಿಂದ ಏಳುವ ಹಬೆ. ಆ ಕಪ್ಪಿನ ಮೇಲೆ ಬಿದ್ದ ಹೊಟ್ಟೆಕಿಚ್ಚು ಇನ್ನೂ ಇಳಿದಿಲ್ಲ.

ಇಷ್ಟನ್ನೂ ಹೇಳಿದೆ. ಮೂಗು ಮೊದಲು ಶುರುವಾಯಿತು. ಅಜ್ಜ ತಾವು ಹಾಸಿಕೊಂಡಿದ್ದ ಟವೆಲ್ ಎಳೆದು ನನ್ನ ಕಡೆ ಎಸೆದರು. ಅಷ್ಟೇ. ಮುಂದಿನವರು ಮಾತಿಗೆ ಕೂತರು.

ಅದಾದ ಮೇಲೆ ಐತವಾರ ತಪ್ಪಿಸಲಿಲ್ಲ. ದೀಪಾವಳಿ ಬಂದು ಹೋಯಿತು, ಟ್ರಂಕು ಮನೆಗೆ ಬರಲಿಲ್ಲ. ನಾನು ಐತವಾರ ಹೊರಟಾಗ ಅಕ್ಕ "ಛತ್ರಿ ಒಯ್ಯಿ" ಅನ್ನತೊಡಗಿದಳು, ಆಕಾಶದಲ್ಲಿ ಮೋಡವಿಲ್ಲದಿದ್ದರೂ. ನಾನು ಮೀಟಿಂಗಿನ ವಿಷಯ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ "ಸಣ್ಣ ಮೀಟಿಂಗ್, ಏನ್ ಮಜಾ ಇಲ್ಲ" ಅನ್ನುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಮಾಮಾನ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇತ್ತು.

ಒಂದು ಶನಿವಾರ ಊಟಕ್ಕೆ ಕೂತಾಗ ಮಾಮಾ ರೊಟ್ಟಿ ಮುರಿಯುತ್ತ ಹೇಳಿದರು.

"ನಾಳೆ ನಾನೂ ಬರ್ತೀನಿ ನಿನ್ನ ಜೋಡಿ."

ನಾನು ತುತ್ತು ತಟ್ಟೆಗೇ ವಾಪಸ್ ಇಟ್ಟೆ. "ಯಾಕ್ರಿ ಮಾಮಾ? ನಿಮ್ಮ ಸಾಯನ್ ಮೀಟಿಂಗ್ ಅಷ್ಟ ಜೋರ್ ಐತಿ. ಅಲ್ಲಿ ನಿಮ್ಮ ಮಾತಿಗೆ ಮಂದಿ ಕಾಯ್ತಾರ."

"ಅದಕ್ಕ ನೋಡು." ಮಾಮಾ ಪಲ್ಯವನ್ನೇ ನೋಡುತ್ತಿದ್ದರು. "ಎದ್ದ ಕೂಡ್ಲೆ ನಗ್ತಾರ. ನಾ ನಗಿಸಿ ಕೂತ್ಬಿಡ್ತೀನಿ. ವರ್ಷಾತು, ಹೇಳೂದು ಹೇಳೇ ಇಲ್ಲ. ಇತ್ತೀಚಿಗೆ ಲಿಫ್ಟಿನ್ಯಾಗ ಒಬ್ನ ಇದ್ದಾಗ ಬಾಯಿ ಒಣಗ್ತದ."

"ಅಲ್ಲಿ ಜಾಗಾ ಇಲ್ರಿ."

"ಮೀಟಿಂಗಿನ್ಯಾಗ ಜಾಗಾ ಇಲ್ಲಂತ!" ಅಕ್ಕ ಹಂಚಿನ ಮುಂದಿನಿಂದಲೇ ಗದರಿದಳು. "ಲೋಕಲ್ ಐತೇನ್ ಅದು? ಸರದು ಕುಂಡ್ರು, ಜಾಗಾ ಆಕ್ಕೇತಿ."

"ಅಕ್ಕಾ, ಆದರ..."

"ಏನ್ ಆದರ? ಅವರ ಬಾಯಿ ಒಣಗಿದ್ರ ನನಗ ಗೊತ್ತೈತಿ ಮುಂದ ಏನಾಕ್ಕೇತಿ ಅಂತ. ಹೊಟ್ಟಿಕಿಚ್ಚಿನ ಮಗನ, ಕರಕೊಂಡು ಹೋಗು."

ನನ್ನ ಕಾಯಿಲೆಯ ಹೆಸರು ಅವಳಿಗೆ ಮೊದಲಿಂದಲೂ ಗೊತ್ತಿತ್ತು ಅಂತಾಯಿತು. ನಾನು ಮಾಮಾನ ಕೈ ನೋಡಿದೆ. ಕೆಟ್ಟ ಲಿಫ್ಟಿನ ತಂತಿ ಹಿಡಿದು ಮೇಲೆ ತೂಗಾಡುವ ಕೈ, ರೊಟ್ಟಿಯನ್ನು ಬರೀ ಚೂರು ಮಾಡುತ್ತಿತ್ತು, ಬಾಯಿಗೆ ಒಯ್ಯುತ್ತಿರಲಿಲ್ಲ.

ಮರುದಿನ ಹೊರಟೆವು. ದಾರಿಯಲ್ಲಿ ಮಾಮಾ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ನಗ್ತಾರೇನೋ?"

"ಇಲ್ರಿ."

"ಒಟ್ಟ ನಗೂದಿಲ್ಲ?"

"ಒಟ್ಟ."

ಕಬ್ಬಿಣದ ಏಣಿಯ ಕೆಳಗೆ ನಿಂತು "ನೀ ಮುಂದ ನಡಿ" ಅಂದರು. ಇಪ್ಪತ್ತು ಮಹಡಿಯ ಲಿಫ್ಟಿನ ಗುಂಡಿಗೆ ಇಳಿಯುವ ಮನುಷ್ಯ ಒಂದು ಏಣಿಗೆ ಹೆದರಿದ್ದರು. ನಾನು ಮೊದಲ ದಿನ ಹತ್ತಿದಾಗ ಹೆದರಿದ್ದೆನೇ? ನೆನಪಾಗಲಿಲ್ಲ. ಹೆದರಿದ್ದರೂ ಇಷ್ಟು ಚೆನ್ನಾಗಿ ಹೆದರಿರಲಿಕ್ಕಿಲ್ಲ.

ಅಜ್ಜ ಎಂದಿನಂತೆ, ಹ್ಞೂಂ ಅನ್ನುವವರು ಯಾರು ಅಂತ ಕೇಳಿದರು. ಬೇರೆ ಯಾರಾದರೂ ಎತ್ತುವ ಮುಂಚೆ ನಾನು ಕೈ ಎತ್ತಿದೆ. ನನ್ನ ಮೀಟಿಂಗ್, ನನ್ನ ಚಾಪೆ, ಕೊನೆಗೆ ಈ ಹ್ಞೂಂ ಆದರೂ ನನ್ನದಿರಲಿ ಅಂತ.

ಮಾಮಾ ಗೋಡೆಗೆ ಒರಗಿ ಕೂತರು. ಬಾಯಿ ತೆರೆದರು, ಮುಚ್ಚಿದರು. ಅಭ್ಯಾಸಬಲದಿಂದ "ನನ್ನ ಹೆಂಡ್ತಿ ತಮ್ಮಾ ಒಬ್ಬ ಅದಾನ" ಅಂದರು. ನಾನು ಹ್ಞೂಂ ಅಂದೆ. ಅವರು ನನ್ನನ್ನು ನೋಡಿದರು, ತಲೆ ಅಲ್ಲಾಡಿಸಿ ಅದನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಸುಮ್ಮನಾದರು. ಎಷ್ಟೋ ಹೊತ್ತು ಸುಮ್ಮನಿದ್ದರು. ಗೌಂಡಿಯವರು, ಬ್ಯಾಂಕಿನವರು, ಕಣ್ಣು ಮುಚ್ಚುವ ಅಜ್ಜ ಕೂಡ ಕಣ್ಣು ತೆರೆದು, ಆ ಸುಮ್ಮನಿರುವಿಕೆಯನ್ನೇ ಕೇಳುತ್ತ ಕೂತರು. ನನ್ನ ಅಷ್ಟು ದೊಡ್ಡ ಕಥೆಗೂ ಅವರು ಹೀಗೆ ಕಣ್ಣು ತೆರೆದಿರಲಿಲ್ಲ. ಒಂದು ಶಬ್ದ ಆಡದೆ ಈ ಮನುಷ್ಯ ಇಲ್ಲೂ ನನ್ನನ್ನು ಮೀರಿಸಿದ.

"ಹ್ಞೂಂ" ಅಂದೆ, ಆದಷ್ಟು ಮೆಲ್ಲಗೆ.

ಆಗ ಅವರು ಹೇಳತೊಡಗಿದರು, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ. ಏನು ಹೇಳಿದರು ಅನ್ನುವುದು ಆ ಚಾಪೆಯ ಮೇಲೆ ಕೂತವರದ್ದು, ಇಲ್ಲಿ ಬರೆಯುವಂತಿಲ್ಲ. ನಾನು ಎಲ್ಲೂ ತಪ್ಪದೆ ಹ್ಞೂಂ ಅನ್ನುತ್ತ ಹೋದೆ. ಇಷ್ಟು ಮಾತ್ರ ಹೇಳಬಲ್ಲೆ, ಆ ಕಥೆಯಲ್ಲಿ ನಾನು ಎಲ್ಲೂ ಬರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.